ಬರಿದಲೆಯಲ್ಲಿ ಬಾ

ಗೋಠ್ ಮಿಠಡಿ
ಜನವರಿ ೧೧

ಪ್ರೀತಿಯ ದರಿಯಾ,

ನೀನು ಮೇಲ್ಮನೆಯ ಸಭಾಪತಿಯಾದ ಸುದ್ದಿ ರೇಡಿಯೋದಲ್ಲಿ ಬಂದಾಗ ನಾನು ಅರ್ಧ ಗಡ್ಡ ಬೋಳಿಸಿಕೊಂಡು ಕ್ಷೌರದಂಗಡಿಯಲ್ಲಿ ಕೂತಿದ್ದೆ. ಅಂಗಡಿಯವನು ಕತ್ತಿ ಬಿಸಾಕಿ ಕುಣಿಯಲು ಹೋದ. ಉಳಿದರ್ಧ ಗಡ್ಡಕ್ಕೆ ಮಧ್ಯಾಹ್ನದವರೆಗೆ ಕಾದೆ. ಸಿಟ್ಟು ಬರಲಿಲ್ಲ. ನಮ್ಮ ಶಾಲೆಯಲ್ಲಿ ಒಂದೇ ಚಾಪೆಯ ಮೇಲೆ ಕೂತು ನನ್ನ ಹಲಗೆ ನೋಡಿ ಲೆಕ್ಕ ಕದಿಯುತ್ತಿದ್ದವನು ಇಷ್ಟು ಎತ್ತರಕ್ಕೆ ಏರಿದನಲ್ಲ ಎಂದು ಹೆಮ್ಮೆಯೇ ಆಯಿತು.

ನಿನ್ನ ಏಣಿಯ ಒಂದೊಂದು ಮೆಟ್ಟಿಲೂ ನನಗೆ ನೆನಪಿದೆ. ಜಿಲ್ಲಾ ಕೌನ್ಸಿಲಿನಲ್ಲಿ ಮೊದಲ ಭಾಷಣ ಮಾಡುವಾಗ ನಾನು ಬರೆದುಕೊಟ್ಟ ಕಾಗದವನ್ನು ನೀನು ತಲೆಕೆಳಗಾಗಿ ಹಿಡಿದಿದ್ದೆ. ಆಮೇಲೆ ಪ್ರಾಂತದ ಶಾಸಕನಾದೆ, ಒಮ್ಮೆ ಸೋತೆ, ಒಂದು ವರ್ಷ ಜೈಲು ಕಂಡೆ, ಎರಡು ಸಲ ಪಕ್ಷ ಬದಲಾಯಿಸಿದೆ. ಆರು ವರ್ಷದ ಕೆಳಗೆ ಇಸ್ಲಾಮಾಬಾದಿಗೆ ಹೋಗುವ ಚುನಾವಣೆಗೆ ನಿಂತೆ, ಗೆದ್ದೆ, ಮಂತ್ರಿಯಾದೆ. ಆ ಚುನಾವಣೆಯ ದಿನ ನಮ್ಮ ಶಾಲೆಯ ಮತಗಟ್ಟೆಯ ಬಾಗಿಲಲ್ಲಿ ನನ್ನ ಮಗ ಖಮೀಸೋನನ್ನು ನಿಲ್ಲಿಸಿ ನೀನು ಹೇಳಿದ ಮಾತೂ ನೆನಪಿದೆ. "ಲೋ ಖಮೀಸೋ, ಕಾಲುವೆ ಆಚೆಯೋರ ಓಟು ನನಗೆ ಬೀಳಲ್ಲ. ಅವರಲ್ಲಿ ಒಬ್ಬನೂ ಈ ಹೊಸ್ತಿಲು ದಾಟಬಾರ್ದು. ನನ್ನ ಮಾನ ನಿನ್ನ ಕೈಲಿದೆ."

ಅವನು ನಿನ್ನ ಮಾನ ಕಾದ. ಹೊಸ್ತಿಲು ದಾಟಲು ಬಂದ ಸಾವಣ್‌ನ ತಲೆಗೆ ಕೊಡಲಿ ಬಿತ್ತು. ಸಾವಣ್ ಕೂಡ ನನ್ನ ಹತ್ತಿರ ಅಕ್ಷರ ಕಲಿತವನೇ. ಸುಪ್ರೀಂ ಕೋರ್ಟೂ ಖಮೀಸೋನ ಗಲ್ಲನ್ನು ಖಾಯಂ ಮಾಡಿ ಮೂರು ವಾರವಾಯಿತು. ನೀನು ಹೂವಿನ ಹಾರಗಳ ನಡುವೆ ಇದ್ದೆಯಲ್ಲ, ಗಮನಿಸಿರಲಿಕ್ಕಿಲ್ಲ.

ಈಗ ಒಂದೇ ದಾರಿ: ಸತ್ತವನ ಮನೆಯವರು ಕ್ಷಮಿಸಿದರೆ ಖಮೀಸೋ ಉಳಿಯುತ್ತಾನೆ. ಸಾವಣ್‌ಗೆ ಹೆಂಡತಿ ಮಕ್ಕಳಿಲ್ಲ, ಅಪ್ಪನಿಲ್ಲ. ತಾಯಿ ಭಾಗ್‌ಭರಿ ಒಬ್ಬಳು ಬಿಟ್ಟೆನೆಂದರೆ ಬಿಟ್ಟಂತೆ. ಕಳೆದ ಶುಕ್ರವಾರ ನಾನು ಅವಳ ಬೇಲಿಯ ಹೊರಗೆ ಹೋಗಿ ಕೂತೆ. ಅವಳು ನೀರು ತಂದುಕೊಟ್ಟು ಹೇಳಿದಳು: "ಮೇಷ್ಟ್ರೇ, ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ನಿಮ್ಮ ಮಗ ಹೊಡೆದ. ಹೊಡೆಸಿದೋನು ಎಲ್ಲಿ? ಅವನು ಮೇಡಕ್ಕೆ ಬರ್ಲಿ. ಈ ಅಂಗಳದಲ್ಲಿ ಕೂತು ಕೇಳ್ಲಿ. ಕೊಡ್ತೀನಿ."

ಮೇಡ ಎಂದರೇನೆಂದು ಇಸ್ಲಾಮಾಬಾದಿನ ನೀರು ಕುಡಿದು ಮರೆತಿದ್ದರೆ ನೆನಪಿಸುತ್ತೇನೆ. ತಪ್ಪು ಮಾಡಿದ ಕಡೆಯವರು ಎದುರಾಳಿಯ ಮನೆಗೆ ಕ್ಷಮೆ ಬೇಡಿ ಹೋಗುವುದು. ಬರಿಗಾಲು, ಬರಿದಲೆ, ಬರಿಗೈ. ಹಾಗೆ ಬಂದವರನ್ನು ಬರಿದೆ ಕಳಿಸಿದ ಮನೆ ನಮ್ಮ ಸೀಮೆಯಲ್ಲಿಲ್ಲ. ನಿನ್ನ ಅಪ್ಪ ಮೂರು ಸಲ ಹೋಗಿದ್ದರು. ನೀನೂ ಬಾ. ಒಂದು ದಿನದ ಕೆಲಸ.

ನಿನ್ನ
ಪೀರಲ್ ಮೇಷ್ಟ್ರು


ಇಸ್ಲಾಮಾಬಾದ್
ಫೆಬ್ರವರಿ ೨

ಪೀರಲ್,

ಎಷ್ಟು ವರ್ಷದ ಮೇಲೆ ನಿನ್ನ ಅಕ್ಷರ ನೋಡಿದೆ! ಈಗಲೂ ಒಂದೊಂದು ಅಕ್ಷರವೂ ಬೆತ್ತ ಹಿಡಿದು ನಿಂತಂತೆ ಇದೆ. ನಾನು ಕುರ್ಚಿಯಲ್ಲಿ ಕೂತೇ ನೆಟ್ಟಗಾದೆ.

ಖಮೀಸೋನ ವಿಷಯ ನಾನು ಮರೆತಿಲ್ಲ. ಆದರೆ ಸ್ವಲ್ಪ ಯೋಚಿಸು. ಸಭಾಪತಿ ಹೋಗಿ ಆ ಅಂಗಳದಲ್ಲಿ ಕೂತರೆ ಏನರ್ಥ? ಕೊಲೆ ಮಾಡಿಸಿದವನು ನಾನೇ ಎಂದು ಒಪ್ಪಿಕೊಂಡಂತೆ. ಮಾರನೆಯ ದಿನ ಎಲ್ಲ ಪತ್ರಿಕೆಯಲ್ಲೂ ಅದೇ. ನಾನು ಹೊಡೆ ಎಂದಿರಲಿಲ್ಲ, ಪೀರಲ್. ತಡೆ ಎಂದಿದ್ದೆ. ನಿನಗೆ ಗೊತ್ತು.

ಬೇರೆ ದಾರಿ ಇದೆ. ರಾಷ್ಟ್ರಾಧ್ಯಕ್ಷರಿಗೆ ಕ್ಷಮಾಭಿಕ್ಷೆಯ ಅರ್ಜಿ ಹಾಕಿಸು. ಇಲ್ಲಿ ನಾನಿದ್ದೇನೆ, ನೋಡಿಕೊಳ್ಳುತ್ತೇನೆ. ಸಭಾಯಿ ಅತ್ತಿಗೆಗೆ ಹೇಳು, ಅಳಬೇಡ ಅಂತ.

ನಿನ್ನ ದರಿಯಾ


ಗೋಠ್ ಮಿಠಡಿ
ಮಾರ್ಚ್ ೯

ದರಿಯಾ,

ಅರ್ಜಿ ಹಾಕಿದೆ. ನಿನ್ನ ಮಾತು ನಂಬಿ ನಾಲ್ಕು ಸಲ ಬರೆದು, ಹರಿದು, ಐದನೆಯದನ್ನು ಕಳಿಸಿದೆ. ತಿಂಗಳಾಯಿತು, ಉತ್ತರವಿಲ್ಲ.

ಮೊನ್ನೆ ಜೈಲಿಗೆ ಹೋಗಿದ್ದೆವು. ಖಮೀಸೋ ಈಗ ಮಣಿ ಪೋಣಿಸುವುದನ್ನು ಕಲಿತಿದ್ದಾನೆ. ಲೇಖನಿಯ ಮೈಗೆ ಬಣ್ಣದ ಮಣಿಗಳ ಅಂಗಿ ತೊಡಿಸಿ ಅದರಲ್ಲಿ ಹೆಸರು ಮೂಡಿಸುತ್ತಾನೆ. ನಿನಗೊಂದು ಮಾಡಿದ್ದಾನೆ, ಇದರ ಜೊತೆ ಕಳಿಸಿದ್ದೇನೆ. "ಅಪ್ಪಾ, ದರಿಯಾ ಸಾಯೀಂ ಈಗ ದೊಡ್ಡ ದೊಡ್ಡ ಕಾಗದಕ್ಕೆ ಸಹಿ ಹಾಕ್ತಾರಲ್ಲ, ಇದ್ರಲ್ಲೇ ಹಾಕ್ಲಿ" ಅಂದ. ನಿನ್ನ ಮೇಲೆ ಒಂದು ಕೆಟ್ಟ ಮಾತು ಆಡಲಿಲ್ಲ. ಆಡಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಸಭಾಯಿ ಕಂಬಿಯಾಚೆಗೆ ಕೈ ಹಾಕಿ ಅವನ ಗುಂಗುರು ಕೂದಲಲ್ಲಿ ಬೆರಳಾಡಿಸುತ್ತ, "ಎಣ್ಣೆ ಹಚ್ಕೊಳ್ಳಲ್ವೇನೋ" ಎಂದು ಬೈದಳು. ಸಮಯ ಮುಗಿಯುವವರೆಗೂ ಅಮ್ಮ ಮಗ ಎಣ್ಣೆಯ ಬಗ್ಗೆಯೇ ಜಗಳವಾಡಿದರು.

ನಾನು ಪ್ರತಿ ಶುಕ್ರವಾರ ಭಾಗ್‌ಭರಿಯ ಬೇಲಿ ಹತ್ತಿರ ಹೋಗುತ್ತೇನೆ. ಅವಳು ನೀರು ಕೊಡುತ್ತಾಳೆ. "ಬಂದ್ನಾ?" ಎಂದು ಕೇಳುತ್ತಾಳೆ. "ಬರ್ತಾನೆ" ಎನ್ನುತ್ತೇನೆ. ಇಬ್ಬರೂ ಮಕ್ಕಳ ವಿಷಯ ಮಾತಾಡುತ್ತೇವೆ. ಸಾವಣ್ ಮಗ್ಗಿ ಹೇಳುವಾಗ ಏಳರ ಮಗ್ಗಿಗೆ ಬಂದರೆ ತೊದಲುತ್ತಿದ್ದ ಎಂದೆ. "ಮನೇಲೂ ಅಷ್ಟೇ" ಎಂದು ನಕ್ಕಳು.

ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎನ್ನುತ್ತಾರೆ. ನೀನು ಹಾಗಲ್ಲ ಎಂದು ಊರಲ್ಲಿ ನಾನೊಬ್ಬನೇ ವಾದ ಮಾಡುತ್ತಿದ್ದೇನೆ. ನನ್ನ ವಾದ ಸೋಲಿಸಬೇಡ.

ಪೀರಲ್


ಸಭಾಪತಿಗಳ ಕಚೇರಿ, ಇಸ್ಲಾಮಾಬಾದ್
ಏಪ್ರಿಲ್ ೪

ಮಾನ್ಯರೇ,

ತಮ್ಮ ಪತ್ರ ಹಾಗೂ ಅದರೊಂದಿಗೆ ಕಳುಹಿಸಿದ ಲೇಖನಿ (ಒಂದು) ತಲುಪಿವೆ. ಪತ್ರವನ್ನು ಸಂಬಂಧಪಟ್ಟ ಸಚಿವಾಲಯಕ್ಕೆ ಸೂಕ್ತ ಕ್ರಮಕ್ಕಾಗಿ ರವಾನಿಸಲಾಗಿದೆ. ಲೇಖನಿಯನ್ನು ಉಡುಗೊರೆಗಳ ವಿಭಾಗದಲ್ಲಿ ಇರಿಸಲಾಗಿದೆ. ಸಭಾಪತಿಗಳು ತಮ್ಮ ಕುಟುಂಬಕ್ಕೆ ಶುಭ ಹಾರೈಸಿದ್ದಾರೆ.

ತಮ್ಮ ವಿಶ್ವಾಸಿ
ತನ್ವೀರ್ ಬುಖಾರಿ
ಆಪ್ತ ಕಾರ್ಯದರ್ಶಿ


ಗೋಠ್ ಮಿಠಡಿ
ಏಪ್ರಿಲ್ ೩೦

ಮಹಾಮಹಿಮ ಹಂಗಾಮಿ ರಾಷ್ಟ್ರಾಧ್ಯಕ್ಷರ ಸನ್ನಿಧಾನಕ್ಕೆ,

ನಿನ್ನನ್ನು ಹೀಗೆ ಕರೆಯಲು ನಾಲಗೆ ಹೊರಳುವುದಿಲ್ಲ, ಲೇಖನಿ ಹೇಗೋ ಹೊರಳಿತು. ಅಧ್ಯಕ್ಷರು ಚಿಕಿತ್ಸೆಗೆ ವಿದೇಶಕ್ಕೆ ಹೋಗಿದ್ದಾರಂತೆ, ಅವರು ಬರುವ ಮೇ ಹನ್ನೊಂದರವರೆಗೆ ಸಭಾಪತಿಯೇ ರಾಷ್ಟ್ರಾಧ್ಯಕ್ಷನಂತೆ. ಊರಲ್ಲಿ ಡೋಲು ನಿಂತಿಲ್ಲ. ಇನ್ನು ಕಾಲುವೆಗೆ ನೀರು ತಾನೇ ಏರುತ್ತದೆ, ಎಮ್ಮೆಗಳು ಎರಡು ಕರು ಹಾಕುತ್ತವೆ ಎಂದು ಜನ ನಂಬಿದ್ದಾರೆ.

ರೇಡಿಯೋದಲ್ಲಿ ಆ ಸುದ್ದಿ ಬಂದ ದಿನವೇ ಜೈಲಿನಿಂದ ಕಾಗದ ಬಂತು. ಅರ್ಜಿ ತಿರಸ್ಕೃತ. ಗಲ್ಲು ಮೇ ಹದಿನಾಲ್ಕು, ಬೆಳಗಿನ ಜಾವ.

ಸಭಾಯಿ ಕಾಗದ ಓದಲಾರಳು. ರೇಡಿಯೋ ಸುದ್ದಿ ಕೇಳಿ ನಕ್ಕಳು. "ನೋಡ್ರೀ, ದೇವರು ಕೈಬಿಡ್ಲಿಲ್ಲ. ದರಿಯಾನ ಕೈಗೇ ಕೊಟ್ಟ" ಅಂದಳು. ನಾನು ಕಾಗದವನ್ನು ಜೇಬಿನಲ್ಲಿ ಮಡಚಿಟ್ಟುಕೊಂಡು, ಹೌದು ಅಂದೆ.

ಇನ್ನು ನಿನಗಿಂತ ಮೇಲಿನವನು ಅಲ್ಲಾ ಒಬ್ಬನೇ. ಸಹಿ ಹಾಕು, ದರಿಯಾ. ನಿನ್ನ ಕಾಲಿಗೆ ಬೀಳುತ್ತೇನೆ. ಇಷ್ಟು ವರ್ಷ ಬೀಳಲಿಲ್ಲ, ಈಗ ಬೀಳುತ್ತೇನೆ.

ಪೀರಲ್


ಅಧ್ಯಕ್ಷರ ಭವನ, ಇಸ್ಲಾಮಾಬಾದ್
ಮೇ ೫

ಪೀರಲ್,

ಇದನ್ನು ನಾನೇ ಬರೆಯುತ್ತಿದ್ದೇನೆ. ನನ್ನ ಡ್ರೈವರನ ತಮ್ಮ ವಿಮಾನದಲ್ಲಿ ಬಂದು ತಂದುಕೊಡುತ್ತಾನೆ. ಕಾರ್ಯದರ್ಶಿಗೂ ಗೊತ್ತಿಲ್ಲ.

ಕಾನೂನಿನವರನ್ನು ಕರೆಸಿದೆ. ಮೂವರು ಬಂದರು, ದಪ್ಪ ಪುಸ್ತಕ ತಂದರು. ಸಹಿ ಹಾಕುತ್ತೇನೆ, ಕಾಗದ ತನ್ನಿ ಎಂದೆ. ಹಿರಿಯವನು ವಿನಯದಿಂದಲೇ ಹೇಳಿದ: "ಸರ್, ಈ ಕೇಸು ಕಿಸಾಸ್ ಕಾನೂನಿನದು, ಪ್ರಾಣಕ್ಕೆ ಪ್ರಾಣ. ಇದ್ರಲ್ಲಿ ಬಿಡೋ ಹಕ್ಕು ಸತ್ತೋನ ವಾರಸುದಾರರದು. ನಿಮ್ಮ ಸಹಿ ಇಲ್ಲಿ ನಡೆಯಲ್ಲ ಸರ್. ಆ ಹೆಂಗಸಿನ ಹೆಬ್ಬೆಟ್ಟು ನಡೆಯುತ್ತೆ."

ನಗು ಬಂತು ನನಗೆ. ಮೂವತ್ತು ವರ್ಷ ಏರಿದೆ. ಈ ಮನೆಯಲ್ಲಿ ಎಷ್ಟು ಕೋಣೆಗಳಿವೆಯೋ ನನಗೇ ತಿಳಿಯದು, ನಾನು ಎದ್ದು ನಿಂತರೆ ಹತ್ತು ಜನ ಎದ್ದು ನಿಲ್ಲುತ್ತಾರೆ. ಆದರೆ ನನ್ನ ಅಧಿಕಾರಕ್ಕಿಂತ ದೊಡ್ಡದು ಆ ಕಾಲುವೆ ಆಚೆಯ ಮಣ್ಣಿನ ಮನೆಯಲ್ಲಿದೆ. ಅಲ್ಲಿಗೆ ಹೋಗಬಲ್ಲವನಾಗಿದ್ದಾಗ ನಾನು ಹೋಗಲಿಲ್ಲ.

ಎಂಟನೆಯ ತಾರೀಕು ಬರುತ್ತೇನೆ.

ದರಿಯಾ


ಗೋಠ್ ಮಿಠಡಿ
ಮೇ ೭

ದರಿಯಾ,

ಅದೇ ಹುಡುಗನ ಕೈಯಲ್ಲಿ ಇದನ್ನು ವಾಪಸು ಕಳಿಸುತ್ತಿದ್ದೇನೆ. ನಾಳೆ ಬರಬೇಡ!

ನೀನು ಬರುವ ಸುಳಿವು ಸಿಕ್ಕಿದ್ದೇ ತಡ, ನಿನ್ನ ಅಧಿಕಾರಿಗಳು ಎರಡು ಜೀಪಿನಲ್ಲಿ ಭಾಗ್‌ಭರಿಯ ಮನೆಗೆ ಬಂದರು. ಟೇಪು ಹಿಡಿದು ಅಂಗಳ ಅಳೆದರು. ಹೆಲಿಕಾಪ್ಟರಿಗೆ ಜಾಗ ಸಾಲದು, ಬೇಲಿ ಕೀಳಬೇಕು, ಬೋರೆಹಣ್ಣಿನ ಮರ ಕಡಿಯಬೇಕು ಎಂದರು. ಅವಳ ಮೇಕೆಗಳನ್ನು ಮೂರು ದಿನ ಬೇರೆಡೆ ಕಟ್ಟಬೇಕಂತೆ. ನಲವತ್ತು ಬಂದೂಕು ಸುತ್ತ ನಿಲ್ಲುತ್ತವಂತೆ. ಅವಳಿಗೊಂದು ಹೊಸ ದುಪಟ್ಟಾ ಕೊಟ್ಟು, ಹೇಳಬೇಕಾದ ಮಾತನ್ನೂ ಬಾಯಿಪಾಠ ಮಾಡಿಸಲು ಹೊರಟರು.

ಅವಳು ದುಪಟ್ಟಾವನ್ನು ಬೇಲಿಗೆ ಎಸೆದಳು. "ಬೇಡೋಕೆ ಬರೋನು ಬಂದೂಕು ತರ್ತಾನೇನು? ಮರ ಸಾವಣ್ ನೆಟ್ಟಿದ್ದು. ಕೊಡಲಿ ಮುಟ್ಟಿಸಿ ನೋಡಿ" ಅಂದಳು. ನಾನು ಸುದ್ದಿ ಕೇಳಿ ಅಲ್ಲಿಗೆ ಓಡಿದೆ. ನನ್ನನ್ನು ಕಂಡು ಸ್ವಲ್ಪ ತಣ್ಣಗಾದಳು. "ಮೇಷ್ಟ್ರೇ, ರಾಜ ಬೇಡ ನನಗೆ. ನಮ್ಮ ಜಮೀನ್ದಾರ ವಡೇರನ ಮಗ ದರಿಯಾ ಬರ್ಲಿ. ಬರಿದಲೆಯಲ್ಲಿ ಬರ್ಲಿ. ಕಾಯ್ತೀನಿ."

ಹನ್ನೊಂದಕ್ಕೆ ನಿನ್ನ ಪಟ್ಟ ಇಳಿಯುತ್ತದೆ. ಆಮೇಲೆ ಎರಡು ದಿನ ಉಳಿಯುತ್ತದೆ. ಕಿಟಕಿಯಿಂದ ಹಾರಿಯಾದರೂ ಬಾ.

ಪೀರಲ್


ಇಸ್ಲಾಮಾಬಾದ್
ಮೇ ೧೧

ಪೀರಲ್,

ಅಧ್ಯಕ್ಷರು ವಿಮಾನ ಇಳಿದರು, ನನ್ನ ಕಾರಿನ ಬಾವುಟ ಬಿಚ್ಚಿದರು. ಇಷ್ಟು ಹಗುರ ನನಗೆ ಯಾವತ್ತೂ ಅನಿಸಿರಲಿಲ್ಲ.

ಜ್ವರ ಎಂದು ಹೇಳಿ ಮಲಗಿದ್ದೇನೆ. ನಾಳೆ ಡ್ರೈವರನ ಅಂಗಿ ತೊಟ್ಟು, ಮೂರನೆಯ ದರ್ಜೆಯಲ್ಲಿ ಹೊರಡುತ್ತೇನೆ. ಹದಿಮೂರರ ಮಧ್ಯಾಹ್ನ ನಾಲ್ಕಕ್ಕೆ ನಮ್ಮ ಸಣ್ಣ ಸ್ಟೇಷನ್ನಿನಲ್ಲಿ ಇಳಿಯುತ್ತೇನೆ. ಟಾಂಗಾ ಇರಲಿ. ಅಲ್ಲಿಂದ ಅವಳ ಮನೆ ಅರ್ಧ ಗಂಟೆ. ಹೆಬ್ಬೆಟ್ಟು ಸಿಕ್ಕಿದರೆ ಕತ್ತಲಾಗುವ ಮುಂಚೆ ಮ್ಯಾಜಿಸ್ಟ್ರೇಟರ ಮನೆ ಮುಟ್ಟಬಹುದು.

ಉಗುಳು ನುಂಗಿದಂತೆ ಇದನ್ನು ನುಂಗಿಕೋ. ಯಾರಿಗೂ ಹೇಳಬೇಡ. ಈ ಕಾಗದವನ್ನೂ ಡ್ರೈವರನ ತಮ್ಮ ಇವತ್ತಿನ ವಿಮಾನದಲ್ಲೇ ತರುತ್ತಾನೆ.

ಉಡುಗೊರೆ ವಿಭಾಗದಿಂದ ಖಮೀಸೋನ ಲೇಖನಿ ತರಿಸಿಕೊಂಡೆ. ಇದನ್ನು ಅದರಲ್ಲೇ ಬರೆದಿದ್ದೇನೆ. ಭಾಗ್‌ಭರಿಯ ಬೆರಳಿಗೆ ಅದರ ಶಾಯಿಯನ್ನೇ ಹಚ್ಚೋಣ.

ದರಿಯಾ


ಇಸ್ಲಾಮಾಬಾದ್
ಮೇ ೧೮

ಪೀರಲ್,

ಏನು ಬರೆಯಲಿ? ಬರೆಯದೆಯೂ ಇರಲಾರೆ.

ರೈಲಿನಲ್ಲಿ ಯಾರೂ ನನ್ನ ಗುರುತು ಹಿಡಿಯಲಿಲ್ಲ. ಕಡಲೆ ತಿಂದೆ, ಒಬ್ಬ ಮುದುಕ ಸರ್ಕಾರವನ್ನು ಬೈಯುವುದನ್ನು ಕೇಳಿಸಿಕೊಂಡೆ. ನಮ್ಮ ಸ್ಟೇಷನ್ ಬರುವ ಮೊದಲೇ ಪಾದರಕ್ಷೆ ಬಿಚ್ಚಿ ಸೀಟಿನ ಕೆಳಗೆ ಬಿಟ್ಟೆ. ಟೋಪಿ ತೆಗೆದು ಮುದುಕನಿಗೆ ಕೊಟ್ಟೆ. ಬಾಗಿಲಿಗೆ ಬಂದೆ.

ಪ್ಲಾಟ್‌ಫಾರಂ ತುಂಬ ಜನ. ಡೋಲು, ಶಹನಾಯಿ. "ಸಾಯೀಂ ದರಿಯಾ ಖಾನ್ ಜಿಂದಾಬಾದ್!" ನಾನು ಕೈ ಮುಗಿದೆ, ಕೂಗಿದೆ, "ಬಿಡ್ರೋ, ನಾನು ಮೇಡಕ್ಕೆ ಬಂದಿದ್ದೀನಿ" ಎಂದೆ. ಡೋಲಿನಲ್ಲಿ ನನಗೇ ಕೇಳಲಿಲ್ಲ. ಹೆಗಲ ಮೇಲೆ ಎತ್ತಿದರು. "ಅಯ್ಯೋ, ನಮ್ಮ ಸಾಯೀಂ ಬರಿದಲೆಯಲ್ಲಿ ಬರೋದಾ! ಊರಿನ ಮಾನ ಏನಾಗ್ಬೇಕು!" ಎಂದು ಒಬ್ಬ ತನ್ನ ಪಗಡಿಯನ್ನೇ ನನ್ನ ತಲೆಗೆ ಸುತ್ತಿದ. ಕಿತ್ತು ಎಸೆದೆ. ಇನ್ನೊಬ್ಬ ಸುತ್ತಿದ. ಭುಜಕ್ಕೆ ಹತ್ತಾರು ಅಜ್ರಕ್ ಶಾಲು. ಎಲ್ಲಿಗೆ ಹೋಗಬೇಕು ಎಂದು ಕೇಳಿದರು. ಹೇಳಿದೆ. ಡೋಲು ಹೊಡೆಯುತ್ತ, ಬಂದೂಕು ಆಕಾಶಕ್ಕೆ ಹಾರಿಸುತ್ತ, ನನ್ನನ್ನು ಅಲ್ಲಿಗೇ ಹೊತ್ತು ಒಯ್ದರು. ಕಾಲು ಒಮ್ಮೆಯೂ ನೆಲ ಮುಟ್ಟಲಿಲ್ಲ.

ಗುಂಪಿನ ಹಿಂದೆ ನಿನ್ನ ಟಾಂಗಾ ಕಂಡಿತು. ನೀನು ಎದ್ದು ನಿಂತು ಏನೋ ಕೂಗುತ್ತಿದ್ದೆ.

ಮನೆ ತಲುಪಿದಾಗ ಬಾಗಿಲು ತೆರೆದಿತ್ತು. ಒಳಗೆ ಯಾರೂ ಇರಲಿಲ್ಲ. ಕತ್ತಲಾಗುವವರೆಗೆ ಹೆಸರು ಹಿಡಿದು ಕೂಗಿದೆ. ಆಮೇಲೆ ಜೈಲಿಗೆ ಹೋಗಿ ಬಾಗಿಲು ಬಡಿದೆ. ಸಭಾಪತಿ ಎಂದು ಸಲಾಂ ಹೊಡೆದರು, ಚಹಾ ತಂದರು. ಹೆಬ್ಬೆಟ್ಟಿನ ಕಾಗದ ಎಲ್ಲಿ ಎಂದು ಕೇಳಿದರು.

ನಾನು ಯಾರಿಗೂ ಹೇಳಿರಲಿಲ್ಲ. ಡ್ರೈವರ್ ಕುರಾನಿನ ಮೇಲೆ ಆಣೆ ಇಟ್ಟಿದ್ದಾನೆ. ಹಾಗಾದರೆ ಆ ಜನಕ್ಕೆ ಹೇಳಿದವರು ಯಾರು, ಪೀರಲ್? ಹುಡುಕಿಸುತ್ತಿದ್ದೇನೆ. ಸಿಕ್ಕಿದರೆ ಚರ್ಮ ಸುಲಿಸುತ್ತೇನೆ.

ದರಿಯಾ


ಗೋಠ್ ಮಿಠಡಿ
ಜೂನ್ ೨೪

ದರಿಯಾ,

ಹುಡುಕಬೇಡ. ಹೇಳಿದವನು ನಾನು.

ಸ್ಟೇಷನ್ ಮಾಸ್ತರ್ ರಮ್ಜಾನ್ ನನ್ನ ಹಳೆಯ ವಿದ್ಯಾರ್ಥಿ. ಆ ರೈಲು ನಮ್ಮಲ್ಲಿ ಒಂದೇ ನಿಮಿಷ ನಿಲ್ಲುತ್ತದೆ. ನೀನು ಮೂರನೆಯ ದರ್ಜೆಯ ನೂಕುನುಗ್ಗಲಲ್ಲಿ ಇಳಿಯಲಾಗದೆ ಮುಂದಕ್ಕೆ ಹೋಗಿಬಿಟ್ಟರೆ ಎಂದು ಹೆದರಿದೆ. ಹನ್ನೆರಡರ ಬೆಳಿಗ್ಗೆ ಅವನನ್ನು ಪಕ್ಕಕ್ಕೆ ಕರೆದು, "ನಾಳೆ ನಾಲ್ಕರ ಗಾಡೀನ ಎರಡು ನಿಮಿಷ ಹೆಚ್ಚು ನಿಲ್ಲಿಸಪ್ಪಾ, ದರಿಯಾ ಬರ್ತಾನೆ. ಯಾರಿಗೂ ಹೇಳ್ಬೇಡ" ಎಂದೆ. "ನಿಮ್ಮಾಣೆ ಮೇಷ್ಟ್ರೇ" ಎಂದ. ಅವನು ಅಣ್ಣನಿಗೆ ಮಾತ್ರ ಹೇಳಿದನಂತೆ. ಅಣ್ಣ ಡೋಲಿನವನಿಗೆ ಮಾತ್ರ. ನಮ್ಮ ಜನ ಕೆಟ್ಟವರಲ್ಲ. ಮನೆಗೆ ಬಂದ ಸಾಯೀಂನನ್ನು ಡೋಲಿಲ್ಲದೆ ಇಳಿಸಿಕೊಂಡರೆ ಅವರಿಗೆ ಅನ್ನ ಇಳಿಯುವುದಿಲ್ಲ, ಅಷ್ಟೇ. ಅದು ನನಗೆ ಗೊತ್ತಿರಬೇಕಿತ್ತು. ನಲವತ್ತು ವರ್ಷ ಅವರಿಗೇ ಪಾಠ ಹೇಳಿದ್ದೇನೆ.

ಎರಡು ನಿಮಿಷಕ್ಕಾಗಿ ಮಗನನ್ನು ಕಳಕೊಂಡೆ. ಬೇಕಾದರೆ ನನ್ನ ಚರ್ಮ ಸುಲಿಸು. ಸುಲಿಸಿದರೆ ಉಪಕಾರವಾಗುತ್ತದೆ.

ನಿನ್ನೆ ಅವನ ನಲವತ್ತನೆಯ ದಿನದ ಕಾರ್ಯ. ಬಂದವರೆಲ್ಲ ಉಂಡು ಎದ್ದ ಮೇಲೆ ಭಾಗ್‌ಭರಿ ಬಂದಳು. ಕಾಲುವೆ ದಾಟಿ, ಆ ಬಿಸಿಲಲ್ಲಿ, ಬರಿಗಾಲಲ್ಲಿ. ದುಪಟ್ಟಾವನ್ನು ತಲೆಯಿಂದ ತೆಗೆದು ಕೈಯಲ್ಲಿ ಹಿಡಿದಿದ್ದಳು. ನಮ್ಮ ಹೊಸ್ತಿಲಲ್ಲಿ ಕೂತಳು. ಮೇಡಕ್ಕೆ ಬಂದಿದ್ದಳು, ದರಿಯಾ, ಅವಳು ನಮ್ಮ ಮನೆಗೆ!

"ಮೇಷ್ಟ್ರೇ, ಅಂಗಳ ಗುಡಿಸಿದ್ದೆ. ಅವನು ಕೂರ್ಲಿ ಅಂತ ಕೌದಿ ಹಾಸಿದ್ದೆ. ಕೊಡ್ಬೇಕು ಅಂತ್ಲೇ ಇದ್ದೆ. ಅಷ್ಟ್ರಲ್ಲಿ ಡೋಲು ಕೇಳ್ತು, ಗುಂಡು ಕೇಳ್ತು. ಓಟಿನ ದಿನವೂ ಹಿಂಗೇ ಕೇಳಿತ್ತು. ಕೊಲ್ಲೋಕೆ ಬಂದ್ರು ಅಂದ್ಕೊಂಡೆ. ಮೇಕೆ ಬಿಚ್ಕೊಂಡು ಖರ್ಜೂರದ ತೋಟಕ್ಕೆ ಓಡ್ದೆ. ಬೆಳಗಾದ ಮೇಲೆ ಗೊತ್ತಾಯ್ತು. ನನ್ನ ಮಗ ಹೋದ, ನಿಮ್ಮ ಮಗನ್ನ ನಾನು ಕಳ್ದೆ. ಮಾಫಿ ಕೊಡಿ."

ಸಭಾಯಿ ಎದ್ದು ಹೋಗಿ ಅವಳ ದುಪಟ್ಟಾವನ್ನು ತಲೆಗೆ ಹೊದಿಸಿದಳು. "ಏಳು ಅಕ್ಕಾ. ಕೊಟ್ವಿ. ನೀನೇನು ಮಾಡ್ತೀಯ? ಡೋಲಿನೋರಿಗೆ ಹೇಳಿದ ಪಾಪಿ ಯಾವನೋ, ಅವನನ್ನ ಅಲ್ಲಾ ನೋಡ್ಕೊಳ್ಳಲಿ" ಅಂದಳು. ಇಬ್ಬರೂ ಒಂದೇ ತಟ್ಟೆಯಲ್ಲಿ ಉಂಡರು. ನಾನು ಹೊರಗೆ ಬಂದು ಬೇವಿನ ಮರ ಹಿಡಿದು ನಿಂತೆ.

ನೀನೂ ಯಾವತ್ತಾದರೂ ಬಾ. ನಮ್ಮ ಮನೆಯಲ್ಲಿ ಮೇಡವನ್ನು ತಿರುಗಿಸಿ ಕಳಿಸುವುದಿಲ್ಲ. ಸಭಾಯಿ ನಿನಗೂ ಕೊಡುತ್ತಾಳೆ.

ಅವಳಲ್ಲಿ ಮಾಫಿ ಕೇಳಬೇಕಾದವನು ಇನ್ನೊಬ್ಬನಿದ್ದಾನೆ. ದಿನಾ ಬೆಳಿಗ್ಗೆ ಇವತ್ತು ಹೇಳಿಯೇ ಬಿಡುತ್ತೇನೆ ಎಂದು ಎದ್ದು, ಪಾದರಕ್ಷೆ ಬಿಟ್ಟು, ಪಗಡಿ ತೆಗೆದು ಕೈಯಲ್ಲಿ ಹಿಡಿದು ಒಲೆಯ ಹತ್ತಿರ ಹೋಗಿ ನಿಲ್ಲುತ್ತೇನೆ. ಅವಳು ರೊಟ್ಟಿ ತಟ್ಟುವುದನ್ನು ಬಿಟ್ಟು ನನ್ನನ್ನು ನೋಡುತ್ತಾಳೆ.

"ಇದೇನ್ರೀ, ಬರಿದಲೇಲಿ ನಿಂತಿದ್ದೀರ! ಬಿಸಿಲು ತಾಗುತ್ತೆ" ಅನ್ನುತ್ತಾಳೆ. ಹಿಟ್ಟಿನ ಕೈ ಒರೆಸಿಕೊಂಡು ಎದ್ದು, ತಾನೇ ಪಗಡಿ ಸುತ್ತಿ ಕೂರಿಸುತ್ತಾಳೆ.

ಪೀರಲ್